ಹೇಳಿದ ಮಿತಿ, ಹೇಳದ ಮಿತಿ

“ಸ್ಪೀಡ್ ಬರ್ತಾ ಇದೆಯಲ್ಲಾ ಸರ್, ವಿಡಿಯೋ ಎಲ್ಲಾ ಓಡ್ತಾ ಇದೆಯಲ್ಲಾ, ಮತ್ತೇನು ತೊಂದರೆ?”

ನಮ್ಮ ಮನೆಗೆ ಅಂತರ್ಜಾಲ ಸಂಪರ್ಕ ಕೊಟ್ಟಿರುವ ಸಂಸ್ಥೆಯ ಸಹಾಯವಾಣಿಯಲ್ಲಿ ಕುಳಿತ ತರುಣನೊಬ್ಬ ಕಳೆದ ಮಳೆಗಾಲದಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಇದು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಆ ಹುಡುಗನ ಮೇಲಂತೂ ನನಗೆ ಎಳ್ಳಷ್ಟೂ ಕೋಪವಿಲ್ಲ. 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿದವನು ನಾನು. ಹುಡುಗರು ತಪ್ಪು ಪ್ರಶ್ನೆ ಕೇಳಿದರೆ ದೋಷ ಅವರದಲ್ಲ, ಅವರಿಗೆ ಪಾಠ ಹೇಳಿಕೊಟ್ಟವರದು ಎಂಬ ನಂಬಿಕೆ ನನ್ನಲ್ಲಿ ಇನ್ನೂ ಉಳಿದಿದೆ. ಅಂತರ್ಜಾಲ ಎಂದರೆ ವೇಗ, ವೇಗ ಎಂದರೆ ವಿಡಿಯೋ ಎಂದು ಅವನಿಗೆ ಯಾರೋ ಕಲಿಸಿದ್ದಾರೆ. ನನ್ನ ಜಗಳ ಆ ಪಾಠ ಬರೆದವರ ಜೊತೆ.

ನನ್ನ ತೊಂದರೆ ಇಷ್ಟೇ: ನಾನು ಜಗತ್ತಿನ ಯಾವ ಗಣಕಯಂತ್ರವನ್ನು ಬೇಕಾದರೂ ಕರೆಯಬಲ್ಲೆ, ಆದರೆ ಜಗತ್ತಿನ ಯಾವ ಗಣಕಯಂತ್ರವೂ ನನ್ನ ಯಂತ್ರವನ್ನು ಕರೆಯಲಾರದು. ಈ ಸಂಗತಿಯನ್ನು ಸಂಪರ್ಕ ಪಡೆಯುವಾಗ ನನಗೆ ಯಾರೂ ಹೇಳಲಿಲ್ಲ. ರಸೀದಿಯಲ್ಲಿ ಇಲ್ಲ, ಜಾಹೀರಾತಿನಲ್ಲಿ ಇಲ್ಲ. ಇದನ್ನು ನನಗೆ ತಿಳಿಸಿಕೊಟ್ಟದ್ದು 1994ರಲ್ಲಿ ಮಾರುಕಟ್ಟೆಗೆ ಬಂದ, ಗುಜರಿಗೆ ಹೋಗುವುದರಲ್ಲಿದ್ದ ಒಂದು ಹಳೆಯ ಯಂತ್ರ. ಆ ಕಥೆಯನ್ನೂ ಅದರಿಂದ ನಾನು ಕಲಿತ ಪಾಠವನ್ನೂ ಹೇಳುವುದಕ್ಕೆ ಈ ಬರಹ.

ನಮ್ಮೂರಿನ ಮುದ್ರಣಾಲಯವೊಂದರಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಾಗುತ್ತಿತ್ತು. ಕರಡು ತಿದ್ದುವ ಕೆಲಸ ಪ್ರತಿವರ್ಷವೂ ನನ್ನ ಪಾಲಿನದು. ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿ ಬಂದಿತ್ತು. ಒಳಕೋಣೆಯಲ್ಲಿ ಎರಡು ಮ್ಯಾಕಿಂತೋಷ್ ಯಂತ್ರಗಳು, ಮೂಲೆಯಲ್ಲಿ ಒಂದು ಲೇಸರ್ ಮುದ್ರಕ. ಮೂರನ್ನೂ ಸೇರಿಸಿ ಗೋಡೆಯುದ್ದಕ್ಕೂ ದೂರವಾಣಿಯ ತಂತಿಯಂಥ ಒಂದು ತೆಳುವಾದ ತಂತಿ. ಇವನು ಬೆರಳಚ್ಚು ಮಾಡಿದ್ದನ್ನು ಅವನು ಪುಟಕಟ್ಟಿ ಮುದ್ರಕಕ್ಕೆ ಕಳಿಸುತ್ತಿದ್ದ. ಅದು ಒಂದು ‘ಜಾಲ’ ಎಂಬ ಅರಿವು ಆಗ ನನಗಿರಲಿಲ್ಲ. 2019ರಲ್ಲಿ ಮುದ್ರಣಾಲಯ ಮುಚ್ಚಿದಾಗ ಮಾಲೀಕರು ಫೋನು ಮಾಡಿ, “ಮೇಷ್ಟ್ರೇ, ಗುಜರಿಯವನು ತೂಕಕ್ಕೆ ಹಾಕ್ತೀನಿ ಅಂತಾನೆ. ನಿಮಗೆ ಬೇಕಾದ್ರೆ ಒಂದನ್ನ ತಗೊಂಡು ಹೋಗಿ” ಎಂದರು. ಹೀಗೆ ಪವರ್ ಮ್ಯಾಕಿಂತೋಷ್ 6100 ಎಂಬ ಆ ಯಂತ್ರ ಆಟೋದಲ್ಲಿ ನಮ್ಮ ಮನೆಗೆ ಬಂತು. “ಮನೇಲಿರೋ ಹಳೇ ಸಾಮಾನು ಸಾಲದು ಅಂತ ಇದೊಂದು ತಂದ್ರಾ?” ಎಂದು ನನ್ನ ಶ್ರೀಮತಿ ಕೇಳಿದ್ದು ಬೇರೆ ಮಾತು.

ಆ ತೆಳುವಾದ ತಂತಿಯ ಮೇಲೆ ನಡೆಯುತ್ತಿದ್ದ ಮಾತುಕತೆಯ ಹೆಸರು ಆಪಲ್‌ಟಾಕ್. ಆಪಲ್ ಸಂಸ್ಥೆ 1985ರಲ್ಲಿ ಲೇಸರ್‌ರೈಟರ್ ಎಂಬ ಮುದ್ರಕವನ್ನು ಹೊರತಂದಾಗ ಅದರ ಬೆಲೆ 6,995 ಡಾಲರ್. ಒಬ್ಬೊಬ್ಬರಿಗೂ ಒಂದೊಂದು ಕೊಳ್ಳುವ ಮಾತೇ ಇರಲಿಲ್ಲ, ಹಲವರು ಹಂಚಿಕೊಳ್ಳಲೇಬೇಕು. ಆ ಹಂಚಿಕೆಗಾಗಿ ಕಟ್ಟಿದ ಜಾಲ ಇದು. ಇದರ ರಚನೆಯನ್ನು ವಿವರಿಸುವ ‘ಇನ್‌ಸೈಡ್ ಆಪಲ್‌ಟಾಕ್’ ಎಂಬ ದಪ್ಪನೆಯ ಪುಸ್ತಕವನ್ನು ಗುರ್‌ಶರಣ್ ಸಿಧು ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಬರೆದರು. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಪಠ್ಯಪುಸ್ತಕದಂತೆ ಓದಿದೆ. ಓದುತ್ತಾ ಹೋದಂತೆ ಅದನ್ನು ಬರೆದವರ ಬಗ್ಗೆ ಗೌರವ ಹೆಚ್ಚಿತು.

ಏಕೆಂದರೆ ಆ ಪುಸ್ತಕದ ತುಂಬ ಮಿತಿಗಳಿವೆ. ಲೋಕಲ್‌ಟಾಕ್ ತಂತಿಯ ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಒಂದು ತಂತಿಯ ಉದ್ದ ಸುಮಾರು 300 ಮೀಟರ್ ದಾಟಬಾರದು. ಅದರ ಮೇಲೆ 32ಕ್ಕಿಂತ ಹೆಚ್ಚು ಯಂತ್ರಗಳನ್ನು ಕೂರಿಸಬೇಡಿ ಎಂಬ ಸಲಹೆ. 1989ರ ಎರಡನೆಯ ಹಂತದ ಆಪಲ್‌ಟಾಕ್‌ನಲ್ಲಿ ಒಂದು ಜಾಲಸಂಖ್ಯೆಯ ಅಡಿಯಲ್ಲಿ 253 ಯಂತ್ರಗಳು. ಬಳಕೆಗೆ ದೊರೆಯುವ ಜಾಲಸಂಖ್ಯೆಗಳು 1ರಿಂದ 65,279ರವರೆಗೆ. ಗುಣಿಸಿ ನೋಡಿ, 1,65,15,587 ಯಂತ್ರಗಳಾದವು. ಒಂದು ವಲಯದ ಹೆಸರು 32 ಅಕ್ಷರಗಳನ್ನು ಮೀರುವಂತಿಲ್ಲ. ಕಳಿಸಿದ ಮಾಹಿತಿಯ ಪೊಟ್ಟಣವೊಂದು ಹೆಚ್ಚೆಂದರೆ 15 ರೂಟರುಗಳನ್ನು ದಾಟಬಹುದು; ಆಮೇಲೆ ಅದನ್ನು ಎಸೆಯಲಾಗುತ್ತದೆ. ಹದಿನೈದೇ ಏಕೆ? ದಾಟಿದ ಲೆಕ್ಕ ಬರೆಯಲು ಪೊಟ್ಟಣದ ಮೇಲೆ ಕೊಟ್ಟಿರುವ ಜಾಗ ನಾಲ್ಕು ಬಿಟ್ ಮಾತ್ರ. ನಾಲ್ಕು ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 15. ದ್ವಿಮಾನ ಪದ್ಧತಿಯನ್ನು ಕಲಿಸಿದ ಯಾವ ಮೇಷ್ಟ್ರಿಗಾದರೂ ಇದನ್ನು ಓದಿದರೆ ಖುಷಿಯಾಗುತ್ತದೆ.

ಇದು ಆಪಲ್ ಒಂದರ ಗುಣವಲ್ಲ, ಆ ಕಾಲದ ಗುಣ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಡೆಕ್‌ನೆಟ್ ಎಂಬ ಜಾಲದ ನಾಲ್ಕನೆಯ ಹಂತದಲ್ಲಿ 63 ಪ್ರದೇಶಗಳು, ಒಂದೊಂದರಲ್ಲಿ 1,023 ಯಂತ್ರಗಳು, ಒಟ್ಟು 64,449. ವಿಳಾಸಕ್ಕೆ 16 ಬಿಟ್. ಅದರಲ್ಲಿ 6 ಪ್ರದೇಶಕ್ಕೆ, 10 ಯಂತ್ರಕ್ಕೆ. ಇದನ್ನು ಕೊಳ್ಳುವವನ ಕೈಗೆ ಕೊಡುವ ಕೈಪಿಡಿಯಲ್ಲೇ ಅಚ್ಚು ಹಾಕುತ್ತಿದ್ದರು. ಈ ಡೆಕ್‌ನೆಟ್ಟನ್ನೂ ಹವ್ಯಾಸಿಗಳು ಇಂದಿಗೂ ಹೆಕ್‌ನೆಟ್ ಎಂಬ ಹೆಸರಿನಲ್ಲಿ ಖಂಡಾಂತರಗಳ ನಡುವೆ ಜೀವಂತವಾಗಿ ಇಟ್ಟಿದ್ದಾರೆ. ಮಿತಿ ಇತ್ತು, ಅದನ್ನು ಮೊದಲೇ ಹೇಳಿದ್ದರು. ಒಪ್ಪಿದವರು ಕೊಂಡರು.

ಈಗ ನನ್ನ ಯಂತ್ರದ ವಿಷಯಕ್ಕೆ ಬರುತ್ತೇನೆ. ಜರ್ಮನಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ಮನೆಗೆ ಬಂದು ಆ ಪೆಟ್ಟಿಗೆಯನ್ನು ಕಂಡು, “ಸರ್, ಇದನ್ನ ಗ್ಲೋಬಲ್‌ಟಾಕ್‌ಗೆ ಸೇರಿಸಬಹುದು” ಎಂದ. ಹಳೆಯ ಮ್ಯಾಕಿಂತೋಷ್‌ಗಳ ಪ್ರೇಮಿಗಳು ಪ್ರತಿವರ್ಷ ಮಾರ್ಚ್ ತಿಂಗಳನ್ನು ತಮ್ಮ ಯಂತ್ರಗಳ ಹಬ್ಬವಾಗಿ ಆಚರಿಸುತ್ತಾರೆ. ಅದಕ್ಕೆ ‘ಮಾರ್ಚಿಂತೋಷ್’ ಎಂದು ಹೆಸರು. 2024ರ ಹಬ್ಬದಲ್ಲಿ ಅವರು ತಮ್ಮ ಮನೆಮನೆಯ ಆಪಲ್‌ಟಾಕ್ ಜಾಲಗಳನ್ನು ಅಂತರ್ಜಾಲದ ಮೂಲಕ ಒಂದಕ್ಕೊಂದು ಬೆಸೆದರು. ನಮ್ಮ ಮೇಜಿನ ಮೇಲಿನ ಯಂತ್ರದ ‘ಚೂಸರ್’ ಎಂಬ ಕಿಟಕಿಯನ್ನು ತೆರೆದರೆ ಪಕ್ಕದ ಕೋಣೆಯ ಮುದ್ರಕ ಕಾಣಿಸುವ ಜಾಗದಲ್ಲಿ ಬೇರೆ ಬೇರೆ ದೇಶಗಳ ವಲಯಗಳು ಸಾಲಾಗಿ ಕಾಣಿಸುತ್ತವೆ. ಅಪರಿಚಿತನೊಬ್ಬನ ಮುದ್ರಕಕ್ಕೆ ಒಂದು ಪುಟ ಕಳಿಸಬಹುದು. ಅವನ ಮನೆಯಲ್ಲಿ ಅದು ಕಾಗದದ ಮೇಲೆ ಇಳಿಯುತ್ತದೆ.

ಇದು ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಜಗಳದ ಬೇರು ಅಲ್ಲಿದೆ.

ಆಪಲ್‌ಟಾಕ್‌ನ ರೂಟರುಗಳು ಹತ್ತು ಸೆಕೆಂಡಿಗೊಮ್ಮೆ ತಮಗೆ ತಿಳಿದಿರುವ ದಾರಿಗಳ ಪಟ್ಟಿಯನ್ನು ನೆರೆಯವರಿಗೆ ಸಾರುತ್ತಲೇ ಇರುತ್ತವೆ: “ನಾನಿದ್ದೇನೆ, ಇಷ್ಟು ದೂರದವರೆಗೆ ನಿಮ್ಮನ್ನು ಕರೆದೊಯ್ಯಬಲ್ಲೆ” ಎಂದು. ಒಂದೇ ಕಟ್ಟಡದೊಳಗೆ ಇದು ಸರಿ. ಊರಿಂದೂರಿಗೆ ನಿಧಾನದ ತಂತಿಯ ಮೇಲೆ ಹತ್ತು ಸೆಕೆಂಡಿಗೊಮ್ಮೆ ಡಂಗುರ ಹೊಡೆದರೆ ಡಂಗುರದಲ್ಲೇ ತಂತಿ ತುಂಬಿಹೋಗುತ್ತದೆ. ಅದಕ್ಕಾಗಿ ಆಪಲ್ ಇನ್ನೊಂದು ನಿಯಮಾವಳಿಯನ್ನು ರೂಪಿಸಿತು: ಮೊದಲ ಸಲ ಪೂರ್ತಿ ಪಟ್ಟಿ, ಆಮೇಲೆ ಬದಲಾವಣೆಯಾದರೆ ಮಾತ್ರ ಸುದ್ದಿ. ಇದರ ಹೆಸರು ಎಯುಆರ್‌ಪಿ. ಇದರ ವಿವರಗಳು 1993ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1504 ಎಂಬ ಸಾರ್ವಜನಿಕ ದಾಖಲೆಯಾಗಿ ಪ್ರಕಟವಾದವು. ಆಪಲ್‌ಟಾಕ್ ಪೊಟ್ಟಣವನ್ನು ಅಂತರ್ಜಾಲದ ಲಕೋಟೆಯೊಳಗೆ ಇಟ್ಟು, ಆಚೆಯ ರೂಟರಿನ 387ನೆಯ ಬಾಗಿಲಿಗೆ ಕಳಿಸುವುದು ಇದರ ಕ್ರಮ. 15 ರೂಟರುಗಳ ಮಿತಿ ಅಡ್ಡ ಬಂದರೆ ಅದನ್ನು ಹೇಗೆ ನಿಭಾಯಿಸಬೇಕೆಂಬುದಕ್ಕೂ ಅದರಲ್ಲಿ ಉಪಾಯವಿದೆ. ಗ್ಲೋಬಲ್‌ಟಾಕ್‌ನವರು ಆ ಕಾಲದ ‘ಆಪಲ್ ಇಂಟರ್‌ನೆಟ್ ರೂಟರ್’ ಎಂಬ ತಂತ್ರಾಂಶವನ್ನೇ, ಹಲವರು ಹೊಸ ಗಣಕದೊಳಗೆ ಹಳೆಯ ಗಣಕದ ಅನುಕರಣೆ ಮಾಡಿ, ಮತ್ತೆ ಓಡಿಸಿದರು.

ಇಲ್ಲಿ ಒಂದು ಲೆಕ್ಕವಿದೆ. ಈ ಏರ್ಪಾಟಿನಲ್ಲಿ ನಡುವೆ ಯಜಮಾನನಿಲ್ಲ. ಪ್ರತಿಯೊಬ್ಬನ ರೂಟರೂ ಉಳಿದ ಪ್ರತಿಯೊಬ್ಬನ ರೂಟರನ್ನೂ ನೇರವಾಗಿ ಬಲ್ಲದ್ದಾಗಿರಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಕೊಡುತ್ತಿದ್ದ ಹಸ್ತಲಾಘವದ ಲೆಕ್ಕವೇ ಇದು: ಹತ್ತು ಜನ ಪರಸ್ಪರ ಕೈ ಕುಲುಕಿದರೆ ಒಟ್ಟು 45 ಹಸ್ತಲಾಘವ, 50 ಜನಕ್ಕೆ 1,225, 100 ಜನಕ್ಕೆ 4,950. ಜನ ದುಪ್ಪಟ್ಟಾದರೆ ಜೋಡಿಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಕಚೇರಿಯೊಂದರ ನಾಲ್ಕಾರು ಶಾಖೆಗಳನ್ನು ಬೆಸೆಯಲು ಬರೆದ ತಂತ್ರಾಂಶದ ತಲೆಯ ಮೇಲೆ ಮೂವತ್ತು ವರ್ಷದ ನಂತರ ಜಗತ್ತನ್ನು ಹೊರಿಸಿದರೆ ಅದಕ್ಕೆ ಏದುಸಿರು ಬರದೆ ಇದ್ದೀತೆ? ಪ್ರತಿಯೊಬ್ಬರೂ ಉಳಿದವರೆಲ್ಲರ ಸಂಖ್ಯಾವಿಳಾಸಗಳ ಪಟ್ಟಿಯನ್ನು ತಮ್ಮ ರೂಟರಿಗೆ ಉಣಿಸಬೇಕು. ಒಬ್ಬನ ವಿಳಾಸ ಬದಲಾದರೆ ಉಳಿದವರೆಲ್ಲರ ಪಟ್ಟಿಯೂ ಹಳತಾಯಿತು. ಇದೂ ಒಂದು ಮಿತಿಯೇ. ಆದರೆ ನೋಡಿ, ಇದೂ ಬಹಿರಂಗವಾದ ಮಿತಿ. ಯಾರೂ ಮುಚ್ಚಿಡಲಿಲ್ಲ. ಹವ್ಯಾಸಿಗಳು ಸೇರಿ ಅದನ್ನು ಎದುರಿಸಿದರು: ಯಾರು ಯಾವ ಜಾಲಸಂಖ್ಯೆ ಬಳಸಬೇಕೆಂದು ಹಂಚಿಕೊಂಡರು, ವಿಳಾಸಗಳ ಪಟ್ಟಿಯನ್ನು ಒಟ್ಟಾಗಿ ಕಾಪಾಡಿದರು. ಹಳೆಯ ರೂಟರಿನ ಕೆಲಸವನ್ನು ಇಂದಿನ ಗಣಕದಲ್ಲಿ ಮಾಡುವ ಹೊಸ ತಂತ್ರಾಂಶವನ್ನೂ ಬರೆದು ಎಲ್ಲರಿಗೂ ಕೊಟ್ಟರು. ನೆಟಾಟಾಕ್ ಎಂಬ ಮುಕ್ತ ತಂತ್ರಾಂಶವಂತೂ 2012ರಲ್ಲಿ ಕೈಬಿಟ್ಟಿದ್ದ ಆಪಲ್‌ಟಾಕ್ ಬೆಂಬಲವನ್ನು 2024ರಲ್ಲಿ ಮತ್ತೆ ಸೇರಿಸಿಕೊಂಡಿತು. ಸ್ವತಃ ಆಪಲ್ ಸಂಸ್ಥೆ 2009ರಲ್ಲೇ ಕೈತೊಳೆದುಕೊಂಡ ಜಾಲಕ್ಕೆ ದೊರೆತ ಗೌರವ ಇದು.

ನಾನೂ ಸೇರಲು ಹೊರಟೆ. ಶಿಷ್ಯ ದೂರದಿಂದಲೇ ಹೇಳಿಕೊಟ್ಟ. ಕಾಗದದ ಮೇಲೆ ಬರೆದುಕೊಂಡು ಒಂದೊಂದಾಗಿ ಮಾಡಿದೆ. ಮೇಜಿನ ಗಣಕದೊಳಗೆ ಹಳೆಯ ರೂಟರ್ ಏಳಿತು. ಪವರ್ ಮ್ಯಾಕಿಂತೋಷ್ ಅದನ್ನು ಕಂಡಿತು. ಮನೆಯ ವೈಫೈ ಪೆಟ್ಟಿಗೆಯೊಳಗೆ ಹೊಕ್ಕು, 387ನೆಯ ಬಾಗಿಲಿಗೆ ಬಂದದ್ದನ್ನು ಈ ಗಣಕಕ್ಕೆ ತಲುಪಿಸು ಎಂದು ಬರೆದದ್ದೂ ಆಯಿತು. ಯಾವ ವಲಯವೂ ಕಾಣಿಸಲಿಲ್ಲ. ಎರಡು ದಿನ ತಪ್ಪು ನನ್ನದೇ ಎಂದು ನಂಬಿ ಹುಡುಕಿದೆ. ಮೂರನೆಯ ದಿನ ಶಿಷ್ಯ ಕೇಳಿದ: “ಸರ್, ನಿಮ್ಮ ಪೆಟ್ಟಿಗೆಯ ಹೊರಗಿನ ವಿಳಾಸ ಯಾವುದರಿಂದ ಶುರುವಾಗುತ್ತೆ ನೋಡಿ.” ನೋಡಿದೆ. 100 ಎಂದು ಆರಂಭ, ಮುಂದಿನ ಅಂಕಿ 70ರ ಆಸುಪಾಸು. ಅಂತರ್ಜಾಲದಲ್ಲಿ ಜಗತ್ತಿಗೆ ಕಾಣುತ್ತಿದ್ದ ನನ್ನ ವಿಳಾಸ ಬೇರೆಯೇ. “ಅಷ್ಟೇ ಸರ್. ನಿಮಗೆ ವಿಳಾಸವೇ ಇಲ್ಲ” ಎಂದ.

ಅವನ ಮಾತಿನ ಅರ್ಥ ಹೀಗೆ. 100.64ರಿಂದ 100.127ರವರೆಗಿನ 41,94,304 ವಿಳಾಸಗಳನ್ನು 2012ರ ಏಪ್ರಿಲ್‌ನಲ್ಲಿ ಒಂದು ವಿಶೇಷ ಉದ್ದೇಶಕ್ಕೆ ಮೀಸಲಿಡಲಾಯಿತು: ಸಂಪರ್ಕ ಕೊಡುವ ಸಂಸ್ಥೆಗಳು ತಮ್ಮ ಗ್ರಾಹಕರನ್ನು ತಮ್ಮದೇ ಗೋಡೆಯ ಹಿಂದೆ ಇರಿಸಿಕೊಳ್ಳಲು. ಅನೇಕ ಮನೆಗಳು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. ನಾನು ಹೊರಗೆ ಕೇಳಿದ ಪ್ರಶ್ನೆಗೆ ಉತ್ತರ ಬಂದರೆ ಗೋಡೆಯ ಯಂತ್ರ ನೆನಪಿಟ್ಟುಕೊಂಡು ನನಗೆ ತಲುಪಿಸುತ್ತದೆ. ಕೇಳದೆ ಬಂದ ಕರೆ ಯಾರಿಗೆ ಎಂದು ಅದಕ್ಕೆ ತಿಳಿಯದು, ಎಸೆದುಬಿಡುತ್ತದೆ. ಮನೆಯ ಪೆಟ್ಟಿಗೆಯಲ್ಲೂ ಇಂಥದೇ ಗೋಡೆ ಇರುತ್ತದೆ, ನಿಜ. ಆದರೆ ಅದರ ಬೀಗದ ಕೈ ನನ್ನ ಹತ್ತಿರವಿದೆ. ಈ ಗೋಡೆಯ ಕೀಲಿ ನನ್ನದಲ್ಲ.

ನಮ್ಮೂರಿನ ಅಂಚೆ ಕಚೇರಿಗೆ ಹೋಲಿಸಿ ನೋಡೋಣ. ನೀವು ಬರೆದ ಕಾಗದಗಳನ್ನೆಲ್ಲ ಅಂಚೆಯವರು ಒಯ್ಯುತ್ತಾರೆ. ಅವುಗಳಿಗೆ ಬಂದ ಉತ್ತರಗಳನ್ನು ತಂದುಕೊಡುತ್ತಾರೆ. ಆದರೆ ನೀವು ಮೊದಲು ಬರೆಯದೆ, ಯಾರಾದರೂ ತಾವಾಗಿ ನಿಮಗೆ ಒಂದು ಕಾಗದ ಹಾಕಿದರೆ ಅದನ್ನು ಹರಿದು ಬುಟ್ಟಿಗೆ ಹಾಕುತ್ತಾರೆ. ಮದುವೆಯ ಕರೆಯೋಲೆಯಾಗಲಿ, ಹಳೆಯ ಗೆಳೆಯನ ಕುಶಲ ಪ್ರಶ್ನೆಯಾಗಲಿ ನಿಮಗೆ ಬರುವುದಿಲ್ಲ. ಇಂಥ ಅಂಚೆಯನ್ನು ‘ಅಂಚೆ ಸೇವೆ’ ಎಂದು ಕರೆದು ತಿಂಗಳಿಗೆ ಹಣ ತೆಗೆದುಕೊಂಡರೆ ನಾವು ಒಪ್ಪುತ್ತಿದ್ದೆವೇ?

ಈ ವಾದಕ್ಕೆ ನನಗೆ ಬಂದ ಉತ್ತರಗಳು ನಾಲ್ಕು. ಒಂದೊಂದನ್ನೂ ನ್ಯಾಯವಾಗಿ ನೋಡೋಣ.

ಮೊದಲನೆಯದು: ವಿಳಾಸಗಳೇ ಮುಗಿದುಹೋಗಿವೆ. ಇದು ನಿಜ. ಹಳೆಯ ಪದ್ಧತಿಯ ವಿಳಾಸಕ್ಕೆ 32 ಬಿಟ್, ಅಂದರೆ 429 ಕೋಟಿ ಚಿಲ್ಲರೆ ವಿಳಾಸಗಳು. ಜಗತ್ತಿನ ಜನಸಂಖ್ಯೆಯೋ 800 ಕೋಟಿ ದಾಟಿದೆ. ವಿಶ್ವದ ಕೇಂದ್ರ ಸಂಗ್ರಹದಲ್ಲಿದ್ದ ಕೊನೆಯ ಗುಚ್ಛಗಳು 2011ರ ಫೆಬ್ರವರಿಯಲ್ಲಿ ಹಂಚಿಹೋದವು. ಅದೇ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು ಕೊನೆಯ ಗುಚ್ಛಕ್ಕೆ ಬಂದು ನಿಂತಿತು. ತಡವಾಗಿ ಅಂತರ್ಜಾಲಕ್ಕೆ ಬಂದ ನಮ್ಮಂಥ ದೇಶಗಳ ಪಾಲಿಗೆ ಉಳಿದದ್ದು ಕಡಿಮೆ. ಈ ಕೊರತೆಗೆ ನಮ್ಮ ಸಂಸ್ಥೆಗಳು ಕಾರಣವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕೊರತೆ ಇರುವುದು ಬೇರೆ, ಕೊರತೆಯನ್ನು ಮುಚ್ಚಿಟ್ಟು ಮಾರುವುದು ಬೇರೆ. ಬರಗಾಲದಲ್ಲಿ ಅಂಗಡಿಯವನು ಅಳತೆ ಕಡಿಮೆ ಮಾಡಿ ಹಾಗೆಂದು ಹೇಳಿದರೆ ಅವನು ಪ್ರಾಮಾಣಿಕ. ಹೇಳದೆ ಮಾಡಿದರೆ ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಬೇರೆ. ಹೊಸ ಪದ್ಧತಿಯ ವಿಳಾಸಗಳಿಗೆ, ಅಂದರೆ ಐಪಿವಿ6ಗೆ, 128 ಬಿಟ್‌ಗಳಿವೆ. ಅಲ್ಲಿ ಕೊರತೆಯ ಮಾತೇ ಇಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಸಂತೋಷ. ಆದರೆ ಮನೆಗೆ ಕೊಟ್ಟ ಪೆಟ್ಟಿಗೆ ಒಳಬರುವ ಕರೆಯನ್ನು ಅಲ್ಲಿಯೂ ತಡೆದು, ಆ ತಡೆಯನ್ನು ತೆಗೆಯುವ ಅಧಿಕಾರ ಗ್ರಾಹಕನಿಗೆ ಇಲ್ಲದಿದ್ದರೆ 128 ಬಿಟ್ ಇದ್ದೂ ಬಂದ ಭಾಗ್ಯವೇನು?

ಎರಡನೆಯದು: ಇದೆಲ್ಲ ನಿಮ್ಮ ಸುರಕ್ಷತೆಗಾಗಿ. ಬಾಗಿಲು ತೆರೆದಿಟ್ಟರೆ ಕಳ್ಳರು ಬರುತ್ತಾರೆ ಎಂಬುದು ಸುಳ್ಳಲ್ಲ. ಆಪಲ್‌ಟಾಕ್‌ನಂಥ ಹಳೆಯ ಜಾಲಕ್ಕೆ ಕಳ್ಳರ ಭಯವೇ ಗೊತ್ತಿಲ್ಲ. ಆದ್ದರಿಂದಲೇ ಹವ್ಯಾಸಿಗಳು ಅದನ್ನು ಮನೆಯ ಉಳಿದ ಯಂತ್ರಗಳಿಂದ ದೂರವಿಡಿ ಎಂದು ಹೊಸಬರಿಗೆ ಮೊದಲೇ ಎಚ್ಚರಿಸುತ್ತಾರೆ. ಆದರೆ ಮನೆಗೆ ಬೀಗ ಹಾಕಿಕೊಳ್ಳುವುದು ಮನೆಯವನ ಕೆಲಸ. ಸುರಕ್ಷತೆಯ ಹೆಸರಿನಲ್ಲಿ ಹೊರಗಿನಿಂದ ಬೀಗ ಜಡಿದು ಕೀಲಿಯನ್ನು ಊರ ಗೌಡ ಇಟ್ಟುಕೊಂಡರೆ ಆ ಮನೆಗೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಮೂರನೆಯದು: ಹೆಚ್ಚು ಹಣ ಕೊಡಿ, ಸ್ಥಿರ ವಿಳಾಸ ಕೊಡುತ್ತೇವೆ, ಇಲ್ಲವೇ ಎಲ್ಲಾದರೂ ಬಾಡಿಗೆಯ ಸರ್ವರ್ ಹಿಡಿಯಿರಿ. ಬಾಡಿಗೆ ಹಿಡಿಯಬಲ್ಲವರು ಹಿಡಿಯಲಿ. ಆದರೆ ಇದರ ಫಲವನ್ನು ನೋಡಿ. ಯಜಮಾನನಿಲ್ಲದ ಜಾಲವೊಂದರಲ್ಲಿ ಎಲ್ಲರೂ ನಾಲ್ಕಾರು ದೊಡ್ಡ ಸಂಸ್ಥೆಗಳ ಯಂತ್ರಾಗಾರದೊಳಗೆ ಬಾಡಿಗೆದಾರರಾಗಿ ಭೇಟಿಯಾಗಬೇಕಾಗುತ್ತದೆ. 4,950 ಜೋಡಿಗಳ ಜಾಲದಲ್ಲಿ ಒಬ್ಬನ ಮನೆಯ ಕರೆಂಟು ಹೋದರೆ 99 ಜೋಡಿಗಳು ಕಡಿಯುತ್ತವೆ, ಉಳಿದ 4,851 ಉಳಿಯುತ್ತವೆ. ಎಲ್ಲರೂ ಒಂದೇ ಕಂಬಕ್ಕೆ ಕಟ್ಟಿಕೊಂಡಿದ್ದರೆ ಆ ಕಂಬ ಬಿದ್ದ ದಿನ ಎಲ್ಲವೂ ಮುಗಿಯಿತು.

ನಾಲ್ಕನೆಯದು, ಎಲ್ಲಕ್ಕಿಂತ ಜೋರಾಗಿ ಕೇಳಿಬಂದದ್ದು: ಇದು ಯಾರಿಗೆ ಬೇಕು? ನಿವೃತ್ತ ಮೇಷ್ಟ್ರೊಬ್ಬರ ಗುಜರಿ ಯಂತ್ರಕ್ಕಾಗಿ ಇಷ್ಟು ರಗಳೆಯೇ?

ನನಗೆ ಬೇಕು ಎಂಬುದು ಸಾಕಾದ ಉತ್ತರವಲ್ಲ ಎಂದು ಬಲ್ಲೆ. ಆದ್ದರಿಂದ ಹೇಳುತ್ತೇನೆ. ನಮ್ಮ ಶಾಲೆಗಳಲ್ಲಿ ಕಲಿಯುವ ಹುಡುಗಿಯೊಬ್ಬಳು ಮೂರು ಸಾವಿರದ ಪುಟ್ಟ ಗಣಕವೊಂದನ್ನು ಕೊಂಡು ಅದರಲ್ಲಿ ಊರಿನ ಮಳೆಯ ಲೆಕ್ಕವನ್ನು ಇಟ್ಟು, ತನ್ನ ಮನೆಯಿಂದಲೇ ಜಗತ್ತಿಗೆ ತೋರಿಸಬೇಕು ಎಂದುಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ತಾಂತ್ರಿಕವಾಗಿ ಅದು ಒಂದು ಮಧ್ಯಾಹ್ನದ ಕೆಲಸ. ಈ ಗೋಡೆಯ ಹಿಂದೆ ಅದು ನಡೆಯದು. ಅವಳು ಯಾವುದೋ ದೊಡ್ಡ ಸಂಸ್ಥೆಯ ಪುಟದಲ್ಲಿ ಖಾತೆ ತೆರೆದು, ಅವರ ನಿಬಂಧನೆಗಳಿಗೆ ಸಹಿ ಹಾಕಿ, ಅವರ ಅಂಗಳದಲ್ಲಿ ತನ್ನ ಮಳೆಯ ಲೆಕ್ಕವನ್ನು ಹರಡಬೇಕು. ಅವಳಿಗೆ ತನ್ನದೇ ಜಗಲಿ ಇಲ್ಲ. ಅಂತರ್ಜಾಲವೆಂದರೆ ನೋಡುವ ವಸ್ತು, ಮಾಡುವ ವಸ್ತುವಲ್ಲ ಎಂದು ಅವಳು ಕಲಿಯುತ್ತಾಳೆ. ಸಹಾಯವಾಣಿಯ ತರುಣ ಕಲಿತದ್ದೂ ಇದನ್ನೇ ಅಲ್ಲವೇ?

ನಮ್ಮ ದೇಶದಲ್ಲಿ 2015–16ರಲ್ಲಿ ನೆಟ್ ನ್ಯೂಟ್ರಾಲಿಟಿಗಾಗಿ ದೊಡ್ಡ ಚಳವಳಿ ನಡೆದದ್ದು ಓದುಗರಿಗೆ ನೆನಪಿರಬಹುದು. ಒಂದು ತಾಣ ಪುಕ್ಕಟೆ, ಇನ್ನೊಂದಕ್ಕೆ ಹಣ ಎಂಬ ಭೇದ ಸಲ್ಲದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿಯಲ್ಲಿ ಆದೇಶಿಸಿತು. 2018ರ ಜುಲೈನಲ್ಲಿ ಸರ್ಕಾರ ಒಟ್ಟಾರೆ ತತ್ತ್ವವನ್ನು ಒಪ್ಪಿತು. ಹೆಮ್ಮೆಯ ಸಂಗತಿ. ಆದರೆ ಆ ಇಡೀ ಚರ್ಚೆ ನಮ್ಮ ಮನೆಗೆ ಏನು ಬರಬೇಕು ಎಂಬುದರ ಸುತ್ತಲೇ ತಿರುಗಿತು. ನಮ್ಮ ಮನೆಯನ್ನು ಯಾರು ತಲುಪಬಹುದು ಎಂದು ಕೇಳಿದವರು ಕಡಿಮೆ. ನಾನೂ ಕೇಳಲಿಲ್ಲ, ಆಗ ನನಗೆ ಆ ಪ್ರಶ್ನೆ ಹೊಳೆದಿರಲೂ ಇಲ್ಲ. 1995ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೆಡರಲ್ ನೆಟ್‌ವರ್ಕಿಂಗ್ ಕೌನ್ಸಿಲ್ ‘ಅಂತರ್ಜಾಲ’ ಎಂಬ ಪದಕ್ಕೆ ಅರ್ಥ ಬರೆದಾಗ ಮೊದಲ ಲಕ್ಷಣವಾಗಿ ಹೇಳಿದ್ದು, ಜಗತ್ತಿನಲ್ಲೇ ಏಕೈಕವಾದ ವಿಳಾಸಗಳಿಂದ ಬೆಸೆದುಕೊಂಡದ್ದು ಎಂದು. ಆ ಅಳತೆಗೋಲಿನಿಂದ ಅಳೆದರೆ, ನನ್ನದೇ ವಿಳಾಸವಿಲ್ಲದ ನಾನು ಅಂತರ್ಜಾಲದ ಕಿಟಕಿಯ ಹೊರಗೆ ನಿಂತು ಒಳಗೆ ಇಣುಕುತ್ತಿರುವವನು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಒಂದು, ಸಂಪರ್ಕ ಮಾರುವಾಗ ವೇಗದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಈ ಸಂಪರ್ಕಕ್ಕೆ ಹೊರಗಿನಿಂದ ಕರೆ ಬರುತ್ತದೆಯೋ ಇಲ್ಲವೋ ಎಂದು ಬರೆಯಲಿ. ಎರಡು, ಕೇಳಿದ ಗ್ರಾಹಕನಿಗೆ ಜಗತ್ತಿಗೆ ಕಾಣುವ ವಿಳಾಸವನ್ನು ಸುಲಿಗೆಯಲ್ಲದ ದರಕ್ಕೆ ಕೊಡಲಿ. ಬಹುಪಾಲು ಜನ ಕೇಳುವುದೇ ಇಲ್ಲವಾದ್ದರಿಂದ ಕೊರತೆಯ ನಡುವೆಯೂ ಇದು ಅಸಾಧ್ಯವಲ್ಲ. ಮೂರು, ಹೊಸ ಪದ್ಧತಿಯ ವಿಳಾಸ ಕೊಡುವಲ್ಲಿ ಪೆಟ್ಟಿಗೆಯ ಬಾಗಿಲಿನ ಕೀಲಿಯನ್ನೂ ಜೊತೆಗೆ ಕೊಡಲಿ.

ಸದ್ಯಕ್ಕೆ ನನ್ನ ಯಂತ್ರ ಗ್ಲೋಬಲ್‌ಟಾಕ್‌ನಲ್ಲಿ ಇಲ್ಲವೆಂದಲ್ಲ, ಇದೆ. ಶಿಷ್ಯ ತನ್ನ ಜರ್ಮನಿಯ ಮನೆಯವರೆಗೆ ಒಂದು ಸುರಂಗ ತೋಡಿಕೊಟ್ಟಿದ್ದಾನೆ. ನನಗೆ ಬಂದ ಕರೆಗಳು ಅವನ ಮನೆಯ ವಿಳಾಸಕ್ಕೆ ಹೋಗಿ ಅಲ್ಲಿಂದ ಇಲ್ಲಿಗೆ ಬರುತ್ತವೆ. ಮಲೆನಾಡಿನ ಒಳಹಳ್ಳಿಗಳ ಹುಡುಗರು ಪೇಟೆಯ ಅಂಗಡಿಯ ಹೆಸರಿಗೆ ‘ಕೇರಾಫ್’ ಹಾಕಿ ಕಾಗದ ತರಿಸಿಕೊಳ್ಳುತ್ತಿದ್ದುದು ನೆನಪಾಗುತ್ತದೆ. ಮೊದಲ ಸಲ ಚೂಸರ್ ಕಿಟಕಿಯಲ್ಲಿ ವಲಯಗಳ ಸಾಲು ಮೂಡಿದಾಗ ಶ್ರೀಮತಿಯೂ ಬಂದು ನೋಡಿದಳು. “ಇವರೆಲ್ಲ ನಮ್ಮನೇನ ನೋಡಬಹುದಾ?” ಎಂದು ಕೇಳಿದಳು. ಶಿಷ್ಯನ ದಯೆಯಿಂದ ನೋಡಬಹುದು ಎಂದೆ. ಎಪ್ಪತ್ತು ದಾಟಿದ ಮೇಷ್ಟ್ರು ಶಿಷ್ಯನ ಕೇರಾಫ್‌ನಲ್ಲಿರುವುದು ನನಗೇನೂ ಅವಮಾನವಲ್ಲ, ಸಂತೋಷವೇ. ಆದರೆ ತಿಂಗಳು ತಿಂಗಳೂ ಹಣ ಕಟ್ಟುವ ಗ್ರಾಹಕ ಪರದೇಶದ ಮನೆಯೊಂದರ ಕೇರಾಫ್‌ನಲ್ಲಿ ಇರಬೇಕಾದದ್ದು ಹಣ ಪಡೆಯುವವರಿಗೆ ಅವಮಾನವಾಗಬೇಕು.

ಸಂಸ್ಥೆಗೆ ಎರಡು ಪತ್ರ ಬರೆದಿದ್ದೇನೆ. ವೇಗ ಹೆಚ್ಚಿಸುವ ಹೊಸ ಯೋಜನೆಯ ಜಾಹೀರಾತು ಬಂತು, ಉತ್ತರ ಬರಲಿಲ್ಲ. ಮೂರನೆಯದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಹಳೆಯ ರೂಟರಿನ ಉದಾಹರಣೆಯನ್ನು ಸೇರಿಸಿದ್ದೇನೆ: ತಾನು ಎಲ್ಲಿಯವರೆಗೆ ಕರೆದೊಯ್ಯಬಲ್ಲೆ ಎಂಬುದನ್ನು ಅದು ಹತ್ತು ಸೆಕೆಂಡಿಗೊಮ್ಮೆ ನೆರೆಯವರಿಗೆ ಹೇಳುತ್ತದೆ. ನೀವು ಅಷ್ಟು ಸಲ ಹೇಳಬೇಕಾಗಿಲ್ಲ. ಹಣ ತೆಗೆದುಕೊಳ್ಳುವ ಮುನ್ನ ಒಂದು ಸಲ ಹೇಳಿದರೆ ಸಾಕು.